ಹಗ್ಗದ ತುದಿಯ ಕೆಸರು: ಕಡಲತಳದ ನಕ್ಷೆಯ ಚರಿತ್ರೆ

ಕಡಲಿನ ಆಳವನ್ನು ಅಳೆಯಲು ಮನುಷ್ಯನು ಎರಡು ಸಾವಿರ ವರ್ಷಗಳಿಗೂ ಹೆಚ್ಚು ಕಾಲ ನಂಬಿದ್ದು ಸೀಸದ ಗುಂಡು ಕಟ್ಟಿದ ಒಂದು ಹಗ್ಗವನ್ನು. ಆ ಗುಂಡಿನ ಅಡಿಯಲ್ಲಿ ಸಣ್ಣ ಕುಳಿ ಮಾಡಿ, ಅದಕ್ಕೆ ಪ್ರಾಣಿಗಳ ಕೊಬ್ಬನ್ನು ಮೆತ್ತಿ ನೀರಿಗೆ ಇಳಿಬಿಡುತ್ತಿದ್ದರು; ಗುಂಡು ನೆಲ ಮುಟ್ಟಿದಾಗ ಹಗ್ಗದ ಉದ್ದದಿಂದ ಆಳ ತಿಳಿದರೆ, ಕೊಬ್ಬಿಗೆ ಅಂಟಿ ಬಂದ ಮರಳು, ಚಿಪ್ಪು ಅಥವಾ ಕೆಸರಿನಿಂದ ತಳ ಎಂಥದೆಂಬುದು ತಿಳಿಯುತ್ತಿತ್ತು. ದಡ ಕಾಣದ ಮಂಜಿನಲ್ಲಿ ಅನುಭವಸ್ಥ ನಾವಿಕನು ಈ ಕೆಸರಿನ ಬಣ್ಣವನ್ನೂ ಒರಟುತನವನ್ನೂ ನೋಡಿಯೇ ಹಡಗು ಎಲ್ಲಿದೆಯೆಂದು ಅಂದಾಜು ಮಾಡುತ್ತಿದ್ದನು. ಕ್ರಿ.ಪೂ. 5ನೆಯ ಶತಮಾನದ ಗ್ರೀಕ್ ಚರಿತ್ರಕಾರ ಹೆರೊಡೋಟಸ್, ಈಜಿಪ್ಟಿನ ದಡ ಇನ್ನೂ ಒಂದು ದಿನದ ಪಯಣದಷ್ಟು ದೂರವಿರುವಾಗಲೇ ಹನ್ನೊಂದು ಮಾರು ಆಳದಲ್ಲಿ ಕೆಸರು ಹತ್ತುತ್ತದೆಂದು ಬರೆದು, ಆ ನಾಡು ನೈಲ್ ನದಿಯು ಹೊತ್ತು ತಂದ ಹೂಳಿನಿಂದಲೇ ಆದದ್ದೆಂಬುದಕ್ಕೆ ಅದನ್ನು ಸಾಕ್ಷಿಯಾಗಿ ಒಡ್ಡಿದನು. ಎಷ್ಟು ಆಳ ಎಂಬ ಪ್ರಶ್ನೆ ಮತ್ತು ಎಂಥ ತಳ ಎಂಬ ಪ್ರಶ್ನೆ, ಇವೆರಡಕ್ಕೂ ಒಂದೇ ಹಗ್ಗ ಉತ್ತರ ತರುತ್ತಿದ್ದ ಕಾಲವದು. ಕಡಲತಳದ ನಕ್ಷೆಯ ಚರಿತ್ರೆಯನ್ನು ಈ ಎರಡು ಪ್ರಶ್ನೆಗಳು ಒಂದನ್ನೊಂದು ಅಗಲಿ, ಬಹುಕಾಲದ ಮೇಲೆ ಮತ್ತೆ ಕೂಡಿಕೊಂಡ ಚರಿತ್ರೆಯೆಂದು ಓದಬಹುದು.

ನೀರಿನ ಆಳಕ್ಕೆ ಇಂಗ್ಲಿಷ್ ನಾವಿಕರು ಬಳಸಿದ ಫ್ಯಾದಮ್ ಎಂಬ ಅಳತೆಯು ಕನ್ನಡದ ಮಾರಿಗೆ ಸಮ. ಎರಡೂ ಚಾಚಿದ ತೋಳುಗಳ ಅಳತೆಗಳೇ, ಫ್ಯಾದಮ್ ಆರು ಅಡಿಗೆ ನಿಗದಿಯಾಗಿದೆ. ದಡದ ಬಳಿ ಹತ್ತಿಪ್ಪತ್ತು ಮಾರು ಅಳೆಯುವುದು ಸುಲಭ. ನಡುಗಡಲಿನಲ್ಲಿ ಎರಡು ಮೂರು ಸಾವಿರ ಮಾರು ಹಗ್ಗ ಬಿಟ್ಟಾಗ, ಗುಂಡು ತಳ ಮುಟ್ಟಿದ ಮೇಲೂ ಹಗ್ಗವು ತನ್ನ ತೂಕಕ್ಕೂ ನೀರಿನ ಸೆಳೆತಕ್ಕೂ ಸಿಕ್ಕಿ ಇಳಿಯುತ್ತಲೇ ಇರುತ್ತಿದ್ದುದರಿಂದ ತಳ ಎಲ್ಲಿ ಸಿಕ್ಕಿತೆಂಬುದೇ ಗೊತ್ತಾಗುತ್ತಿರಲಿಲ್ಲ. ಈ ತೊಡಕನ್ನು ಬಿಡಿಸಿದವನು ಅಮೆರಿಕದ ನೌಕಾಪಡೆಯ ಯುವ ಅಧಿಕಾರಿ ಜಾನ್ ಮರ್ಸರ್ ಬ್ರೂಕ್. 1850ರ ದಶಕದಲ್ಲಿ ಅವನು ರೂಪಿಸಿದ ಸಾಧನದಲ್ಲಿ ತೂತು ಕೊರೆದ ಫಿರಂಗಿ ಗುಂಡೊಂದು ಟೊಳ್ಳು ಸರಳನ್ನು ಕೆಳಕ್ಕೆ ಎಳೆದೊಯ್ದು, ತಳ ಮುಟ್ಟಿದೊಡನೆ ಕಳಚಿ ಅಲ್ಲಿಯೇ ಉಳಿಯುತ್ತಿತ್ತು. ಹಗುರಾದ ಸರಳು ಒಂದು ಚಿಟಿಕೆ ಕೆಸರನ್ನು ಹಿಡಿದು ಮೇಲೆ ಬರುತ್ತಿತ್ತು. ಆ ಚಿಟಿಕೆಯನ್ನು ಸೂಕ್ಷ್ಮದರ್ಶಕದಡಿ ನೋಡಿದಾಗ ಅದು ಮಣ್ಣಲ್ಲ, ಬರಿಗಣ್ಣಿಗೆ ಕಾಣದ ಜೀವಿಗಳ ಸುಣ್ಣದ ಚಿಪ್ಪುಗಳ ರಾಶಿಯೆಂದು ತಿಳಿಯಿತು. ಅದೇ ದಶಕದಲ್ಲಿ ಮ್ಯಾಥ್ಯೂ ಮೋರಿ ಎಂಬ ಅಧಿಕಾರಿಯು ಇಂಥ ಅಳತೆಗಳನ್ನು ಒಟ್ಟುಗೂಡಿಸಿ ಉತ್ತರ ಅಟ್ಲಾಂಟಿಕಿನ ತಳದ ಮೊದಲ ನಕ್ಷೆಯನ್ನು ರಚಿಸಿದನು. ಈ ಕೆಲಸಕ್ಕೆ ಹಣ ಒದಗಿದ್ದು ಬರಿಯ ಕುತೂಹಲಕ್ಕಾಗಿ ಅಲ್ಲ. ಯೂರೋಪಿಗೂ ಅಮೆರಿಕಕ್ಕೂ ನಡುವೆ ತಂತಿ ಸಮಾಚಾರದ ಕೇಬಲ್ ಹಾಸಬೇಕಿದ್ದವರಿಗೆ ಅದು ಬಂಡೆಯ ಮೇಲೆ ಉಜ್ಜಿ ಹರಿಯುತ್ತದೆಯೋ, ಮೆತ್ತನೆಯ ಕೆಸರಿನಲ್ಲಿ ಕೂರುತ್ತದೆಯೋ ಎಂಬುದು ಲಾಭನಷ್ಟದ ಪ್ರಶ್ನೆಯಾಗಿತ್ತು.

1872ರ ಡಿಸೆಂಬರಿನಲ್ಲಿ ಇಂಗ್ಲೆಂಡಿನಿಂದ ಹೊರಟು 1876ರ ಮೇ ತಿಂಗಳಲ್ಲಿ ಮರಳಿದ ಚಾಲೆಂಜರ್ ಹಡಗಿನ ಯಾನವು ಈ ಹಗ್ಗದ ಯುಗದ ಶಿಖರ. ಆಳ ಕಡಲಿನಲ್ಲಿ ಅದು ತೆಗೆದುಕೊಂಡ ಅಳತೆಗಳು ಮೂರೂವರೆ ವರ್ಷಗಳಲ್ಲಿ ಐನೂರಕ್ಕಿಂತ ಕಡಿಮೆ. ಅವುಗಳಲ್ಲೊಂದು 1875ರ ಮಾರ್ಚಿನಲ್ಲಿ ಪೆಸಿಫಿಕ್ ಸಾಗರದ ಮರಿಯಾನಾ ದ್ವೀಪಗಳ ಬಳಿ ದೊರೆತ 4,475 ಮಾರು, ಅಂದರೆ ಎಂಟು ಕಿಲೋಮೀಟರಿಗೂ ಮಿಗಿಲಾದ ಆಳ. ಆದರೆ ಆ ಯಾನದ ನಿಜವಾದ ಸಂಪತ್ತು ಈ ಆಳವಲ್ಲ, ಜಾಡಿಗಳಲ್ಲಿ ತುಂಬಿ ತಂದ ಕೆಸರು. ವಿಜ್ಞಾನಿಗಳಾದ ಜಾನ್ ಮರ್ರೆ ಮತ್ತು ಬೆಲ್ಜಿಯಂನ ರೆನಾರ್ ಅದನ್ನು ವರ್ಷಗಟ್ಟಲೆ ಪರೀಕ್ಷಿಸಿ 1891ರಲ್ಲಿ ಪ್ರಕಟಿಸಿದ ಸಂಪುಟದಲ್ಲಿ ಆಳಗಡಲ ನಿಕ್ಷೇಪಗಳ ವರ್ಗೀಕರಣವು ಮೊದಲ ಬಾರಿಗೆ ನೆಲೆಗೊಂಡಿತು. ನಿಕ್ಷೇಪವೆಂದರೆ ನೀರಿನಲ್ಲಿ ತೇಲಿ ಬಂದು ತಳದಲ್ಲಿ ಕೂತ ಪದಾರ್ಥ. ಸೂಕ್ಷ್ಮಜೀವಿಗಳ ಚಿಪ್ಪುಗಳಿಂದಾದ ನುಣುಪು ಕೆಸರು ಒಂದು ಬಗೆಯದಾದರೆ, ಅತಿ ಆಳದ ಬಯಲುಗಳಲ್ಲಿ ಹಾಸಿರುವ ಕೆಂಪು ಜೇಡಿ ಇನ್ನೊಂದು. ಆಳ ಹೆಚ್ಚಿದಂತೆ ಚಿಪ್ಪುಗಳು ಕಾಣೆಯಾಗುವುದನ್ನು ಗಮನಿಸಿದ ಮರ್ರೆ, ತಣ್ಣಗಿನ ಆಳದ ನೀರು ಸುಣ್ಣವನ್ನು ಕರಗಿಸಿಬಿಡುತ್ತದೆಂದು ಸರಿಯಾಗಿಯೇ ತರ್ಕಿಸಿದನು; ಕರಗಿದ ಮೇಲೆ ಉಳಿಯುವುದು ಗಾಳಿ ತಂದ ಧೂಳು, ಜ್ವಾಲಾಮುಖಿಯ ಬೂದಿ ಮುಂತಾದವುಗಳ ಕೆಂಪು ಶೇಷ, ಅದು ಸಾವಿರ ವರ್ಷಕ್ಕೆ ಸುಮಾರು ಒಂದು ಮಿಲಿಮೀಟರಿನಂತೆ ಬೆಳೆಯುತ್ತದೆ. ಯಾನದ ವರದಿ ಒಟ್ಟು ಐವತ್ತು ಸಂಪುಟಗಳಾಯಿತು; ಯಾನಕ್ಕಿಂತ ವರದಿಗೆ ಎಷ್ಟೋ ಪಟ್ಟು ಹೆಚ್ಚು ಕಾಲ ಹಿಡಿದದ್ದು ವಿಜ್ಞಾನದ ಚರಿತ್ರೆಯಲ್ಲಿ ಅಪರೂಪವೇನೂ ಅಲ್ಲ.

ಚಾಲೆಂಜರ್ ಹಡಗು ಅರಬ್ಬೀ ಸಮುದ್ರಕ್ಕಾಗಲಿ ಬಂಗಾಳ ಕೊಲ್ಲಿಗಾಗಲಿ ಬರಲಿಲ್ಲ. ಆ ನೀರಿನ ಶೋಧವು 1874ರಲ್ಲಿ ಕಲ್ಕತ್ತೆಯಲ್ಲಿ ಆರಂಭವಾದ ಸಾಗರ ಸರ್ವೇಕ್ಷಣ ಇಲಾಖೆಯ ಪಾಲಿಗೆ ಬಂದಿತು. ಅದರ ಇನ್ವೆಸ್ಟಿಗೇಟರ್ ಹಡಗು ಬಂದರುಗಳ ನಕ್ಷೆ ತಯಾರಿಸುತ್ತಲೇ ಬಿಡುವಿನಲ್ಲಿ ಆಳದ ಜೀವಿಗಳನ್ನೂ ಕೆಸರನ್ನೂ ಮೇಲೆತ್ತುತ್ತಿತ್ತು. ಆ ಹಡಗಿನಲ್ಲಿ ವೈದ್ಯನೂ ಪ್ರಕೃತಿಶಾಸ್ತ್ರಜ್ಞನೂ ಆಗಿ ದುಡಿದಿದ್ದ ಸೆಮೂರ್ ಸೀವೆಲ್, ಮುಂದೆ 1933–34ರಲ್ಲಿ ಈಜಿಪ್ಟಿನ ಮಬಾಹಿಸ್ ಎಂಬ ಪುಟ್ಟ ಹಡಗಿನಲ್ಲಿ ಅರಬ್ಬೀ ಸಮುದ್ರದ ಯಾನವೊಂದರ ನಾಯಕನಾದನು; ಆ ಯಾನಕ್ಕೆ ಜಾನ್ ಮರ್ರೆಯ ಹೆಸರನ್ನೇ ಇಡಲಾಗಿತ್ತು.

ಅಷ್ಟು ಹೊತ್ತಿಗೆ ಹಗ್ಗದ ಕಾಲ ಮುಗಿದಿತ್ತು. ಕಡಲ ನೀರಿನಲ್ಲಿ ಶಬ್ದವು ಸೆಕೆಂಡಿಗೆ ಸುಮಾರು 1,500 ಮೀಟರ್ ವೇಗದಲ್ಲಿ ಸಾಗುತ್ತದೆ. ಆದುದರಿಂದ ಹಡಗಿನಿಂದ ಹೊರಟ ಸದ್ದು ತಳಕ್ಕೆ ಬಡಿದು ಮರಳಲು ಆರು ಸೆಕೆಂಡು ಹಿಡಿದರೆ ಆಳ ನಾಲ್ಕೂವರೆ ಕಿಲೋಮೀಟರ್ ಎಂದಾಯಿತು. 1912ರಲ್ಲಿ ಟೈಟಾನಿಕ್ ಮುಳುಗಿದ ಬಳಿಕ ನೀರ್ಗಲ್ಲುಗಳನ್ನು ಪತ್ತೆಹಚ್ಚುವ ಸಲುವಾಗಿ ಚುರುಕುಗೊಂಡ ಈ ತಂತ್ರವು, ಮೊದಲನೆಯ ಮಹಾಯುದ್ಧದ ಜಲಾಂತರ್ಗಾಮಿ ಬೇಟೆಯಲ್ಲಿ ಪಳಗಿತು. 1925ರಿಂದ 1927ರವರೆಗೆ ದಕ್ಷಿಣ ಅಟ್ಲಾಂಟಿಕನ್ನು ಅಡ್ಡಡ್ಡ ಹಾಯ್ದ ಜರ್ಮನಿಯ ಮೀಟಿಯರ್ ಹಡಗು 67,000ಕ್ಕೂ ಹೆಚ್ಚು ಅಳತೆಗಳನ್ನು ಪಡೆಯಿತು. ಚಾಲೆಂಜರಿನ ಐನೂರರೊಡನೆ ಇದನ್ನು ಹೋಲಿಸಿದರೆ ಆದ ಬದಲಾವಣೆ ಅರಿವಾಗುತ್ತದೆ. ಆದರೆ ಈ ಗಳಿಕೆಯೊಡನೆ ಒಂದು ನಷ್ಟವೂ ಸೇರಿಕೊಂಡಿತ್ತು: ಪ್ರತಿಧ್ವನಿಗೆ ಕೆಸರು ಅಂಟಿ ಬರುವುದಿಲ್ಲ. ನಕ್ಷೆ ಬರೆಯುವವರು ಒಂದು ಕಡೆಗೂ ಕೆಸರು ಓದುವವರು ಇನ್ನೊಂದು ಕಡೆಗೂ ಸರಿದರು. ಕೆಸರು ಬೇಕಾದವರು ಹಡಗು ನಿಲ್ಲಿಸಿ, ಕೊಳವೆಯನ್ನು ತಳಕ್ಕೆ ನೆಟ್ಟು, ಪದರ ಕೆಡದಂತೆ ಕೆಸರಿನ ಕಂಬವನ್ನು ಕಿತ್ತು ತರಬೇಕಾಯಿತು.

ಈ ಎರಡು ದಾರಿಗಳನ್ನು ಮತ್ತೆ ಕೂಡಿಸಿದ್ದು ಒಂದು ಭೂಕಂಪ. 1929ರ ನವೆಂಬರ್ 18ರಂದು ಇಂದಿನ ಕೆನಡಾದ ನ್ಯೂಫೌಂಡ್‌ಲೆಂಡಿನ ದಕ್ಷಿಣಕ್ಕೆ, ಗ್ರ್ಯಾಂಡ್ ಬ್ಯಾಂಕ್ಸ್ ಎಂಬ ಮೀನುಗಾರಿಕೆಯ ದಿಣ್ಣೆಯ ಅಂಚಿನಲ್ಲಿ ನೆಲ ನಡುಗಿತು. ಅದರಿಂದೆದ್ದ ಸುನಾಮಿಗೆ ದಡದ ಹಳ್ಳಿಗಳಲ್ಲಿ 28 ಮಂದಿ ಬಲಿಯಾದರು. ಆ ಇಳಿಜಾರಿನ ಮೇಲೆ ಹಾದುಹೋಗಿದ್ದ ಹನ್ನೆರಡು ತಂತಿ ಕೇಬಲ್‌ಗಳು ತುಂಡಾದವು. ಕಂಪನದ ಕೇಂದ್ರದ ಬಳಿಯವು ಕೂಡಲೇ ಹರಿದುದರಲ್ಲಿ ವಿಶೇಷವಿಲ್ಲ; ಆದರೆ ಅವುಗಳಿಗಿಂತ ಆಳದಲ್ಲಿದ್ದವು ಸಾಲುಸಾಲಾಗಿ, ಇಳಿಜಾರಿನ ಕೆಳಕೆಳಗೆ ಹೋದಂತೆ ತಡತಡವಾಗಿ ಹರಿಯುತ್ತಾ ಹೋದವು, ಕೊನೆಯದು ತುಂಡಾದದ್ದು ಹದಿಮೂರು ಗಂಟೆಗಳ ಬಳಿಕ. ತಂತಿ ನಿಂತ ನಿಮಿಷವನ್ನು ಕಂಪನಿಗಳು ಕ್ರಮವಾಗಿ ಬರೆದಿಟ್ಟಿದ್ದರಿಂದ ಯಾರ ಉದ್ದೇಶವೂ ಇಲ್ಲದೆ ಒಂದು ಮಹಾಪ್ರಯೋಗದ ದಾಖಲೆ ಸಿದ್ಧವಾಗಿತ್ತು. ಅದನ್ನು ಓದುವವರು ಮಾತ್ರ ಇಪ್ಪತ್ತಕ್ಕೂ ಹೆಚ್ಚು ವರ್ಷ ಸಿಗಲಿಲ್ಲ. ಡಚ್ ಭೂವಿಜ್ಞಾನಿ ಫಿಲಿಪ್ ಕೂನೆನ್ ನೀರಿನ ತೊಟ್ಟಿಯಲ್ಲಿ ಕೆಸರು ಸುರಿದು, ಕದಡಿದ ನೀರು ತಿಳಿನೀರಿಗಿಂತ ಭಾರವಾದ್ದರಿಂದ ಇಳಿಜಾರಿನುದ್ದಕ್ಕೂ ನೆಲ ಹಿಡಿದು ಧಾವಿಸುತ್ತದೆಂದೂ, ನಿಂತಲ್ಲಿ ದಪ್ಪ ಮರಳನ್ನು ಕೆಳಗೆ, ನುಣುಪನ್ನು ಮೇಲೆ ಇರಿಸುತ್ತದೆಂದೂ ತೋರಿಸಿದ್ದನು. ಇದಕ್ಕೆ ಕದಡುನೀರಿನ ಪ್ರವಾಹವೆನ್ನಬಹುದು. 1952ರಲ್ಲಿ ಅಮೆರಿಕದ ಬ್ರೂಸ್ ಹೀಜೆನ್ ಮತ್ತು ಮಾರಿಸ್ ಯೂಯಿಂಗ್ ಕೇಬಲ್‌ಗಳ ನಡುವಣ ದೂರವನ್ನು ಅವು ತುಂಡಾದ ಹೊತ್ತುಗಳ ಅಂತರದಿಂದ ಭಾಗಿಸಿ, ಅಂಥ ಪ್ರವಾಹವೊಂದು ಮೊದಲಲ್ಲಿ ಗಂಟೆಗೆ ಸುಮಾರು ನೂರು ಕಿಲೋಮೀಟರ್ ವೇಗದಲ್ಲಿ ನುಗ್ಗಿತ್ತೆಂದು ಲೆಕ್ಕ ಹಾಕಿದರು. ಮುಂದಿನವರು ಈ ವೇಗವನ್ನು ಕಡಿಮೆ ಮಾಡಿದರೂ ಮೂಲ ವಿವರಣೆ ನಿಂತಿತು. ದಡದಿಂದ ನೂರಾರು ಕಿಲೋಮೀಟರ್ ದೂರದ, ಕೆಂಪು ಜೇಡಿ ಮಾತ್ರ ಇರಬೇಕಾದ ಬಯಲುಗಳಲ್ಲಿ ದಡದ ಮರಳು ಸಿಗುತ್ತಿದ್ದುದರ ಒಗಟು ಹೀಗೆ ಬಗೆಹರಿಯಿತು. ಆಳದ ಕಡಲು ಹನಿಹನಿಯಾಗಿ ಕೆಸರು ಕೂರುವ ನಿಶ್ಚಲ ಜಾಗವೆಂಬ ಚಾಲೆಂಜರ್ ಕಾಲದ ಚಿತ್ರವೂ ಅದರೊಂದಿಗೆ ಅಳಿಯಿತು.

ಅದೇ 1952ರಲ್ಲಿ, ಹೀಜೆನ್ ಮತ್ತು ಯೂಯಿಂಗ್ ದುಡಿಯುತ್ತಿದ್ದ ಸಂಸ್ಥೆಯಲ್ಲೇ ಮೇರಿ ಥಾರ್ಪ್ ಎಂಬ ವಿದುಷಿ, ಹಡಗುಗಳು ತಂದ ಪ್ರತಿಧ್ವನಿ ಅಂಕಿಗಳನ್ನು ಮೇಜಿನ ಮೇಲೆ ಗೆರೆಯಾಗಿಸುತ್ತಾ, ಅಟ್ಲಾಂಟಿಕಿನ ನಡುವಿನ ಪರ್ವತಸಾಲಿನ ನೆತ್ತಿಯಲ್ಲಿ ಉದ್ದಕ್ಕೂ ಸೀಳುಕಣಿವೆಯೊಂದು ಇರುವುದನ್ನು ಕಂಡಳು. ಹೆಣ್ಣೆಂಬ ಕಾರಣಕ್ಕೆ ಅವಳಿಗೆ ಬಹುಕಾಲ ಹಡಗು ಹತ್ತಲು ಬಿಟ್ಟಿರಲಿಲ್ಲ. ಹೀಜೆನ್ ಕೂಡ ಅವಳ ಮಾತನ್ನು ಮೊದಲು ಹೆಂಗಸರ ಹರಟೆಯೆಂದು ತಳ್ಳಿಹಾಕಿ, ಭೂಕಂಪಗಳ ಕೇಂದ್ರಗಳು ಆ ಕಣಿವೆಯ ಮೇಲೆಯೇ ಸಾಲುಗಟ್ಟಿದ್ದನ್ನು ನೋಡಿದ ಮೇಲೆ ಒಪ್ಪಿದನು. ಶೀತಲ ಸಮರದ ದಿನಗಳಲ್ಲಿ ನಿಖರವಾದ ಆಳದ ಅಂಕಿಗಳು ಮಿಲಿಟರಿ ಗುಟ್ಟಾಗಿದ್ದುದರಿಂದ, ಅವರು ಸಮಾನ ಆಳದ ಗೆರೆಗಳ ಬದಲು, ನೀರು ಬತ್ತಿದರೆ ಕಾಣುವಂತೆ ಬೆಟ್ಟ ಕಣಿವೆಗಳ ಚಿತ್ರವನ್ನೇ ಬಿಡಿಸಿದರು. ಗುಟ್ಟು ಕಾಯುವ ನಿಯಮವೇ ಆ ನಕ್ಷೆಯನ್ನು ಜನಸಾಮಾನ್ಯರಿಗೂ ಅರ್ಥವಾಗುವಂತೆ ಮಾಡಿತು. ಹಿಂದೂ ಮಹಾಸಾಗರದ ಇಂಥ ನಕ್ಷೆ 1967ರಲ್ಲಿ ಹೊರಬಂತು. ಅದರ ಹಿಂದೆ 1965ಕ್ಕೆ ಮುಗಿದ ಅಂತರರಾಷ್ಟ್ರೀಯ ಹಿಂದೂ ಮಹಾಸಾಗರ ಯಾನದ ಶ್ರಮವಿತ್ತು. ಭಾರತವೂ ಪಾಲ್ಗೊಂಡ ಆ ಯಾನದ ಫಲವಾಗಿಯೇ 1966ರ ಜನವರಿಯಲ್ಲಿ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆ ಹುಟ್ಟಿತು. ಅದರ ನೆಲೆ ಈಗ ಗೋವಾದಲ್ಲಿದೆ.

ಕದಡುನೀರಿನ ಪ್ರವಾಹ ಏನು ಮಾಡಬಲ್ಲದೆಂಬುದಕ್ಕೆ ಬಂಗಾಳ ಕೊಲ್ಲಿಗಿಂತ ದೊಡ್ಡ ನಿದರ್ಶನ ಭೂಮಿಯ ಮೇಲಿಲ್ಲ. ಗಂಗಾ ಬ್ರಹ್ಮಪುತ್ರಾ ನದಿಗಳು ಹಿಮಾಲಯವನ್ನು ಸವೆಸಿ ತಂದ ಮಣ್ಣು, ನದೀಮುಖದ ಆಚೆ ಹಳೆಯ ನಾವಿಕರ ಹಗ್ಗಕ್ಕೆ ತಳ ಸಿಗದಿದ್ದ ಆಳವಾದ ಕಮರಿಯೊಂದಕ್ಕೆ ಜಾರಿ, ಅಲ್ಲಿಂದ ಸುಮಾರು 3,000 ಕಿಲೋಮೀಟರ್ ದಕ್ಷಿಣಕ್ಕೆ, ಶ್ರೀಲಂಕಾವನ್ನೂ ಭೂಮಧ್ಯರೇಖೆಯನ್ನೂ ದಾಟಿ, ಬೀಸಣಿಗೆಯಂತೆ ಹರಡಿಕೊಂಡಿದೆ. ಅರಬ್ಬೀ ಸಮುದ್ರದಲ್ಲಿ ಸಿಂಧೂ ನದಿಯ ಬೀಸಣಿಗೆಯೂ ಉಂಟು. 2015ರಲ್ಲಿ ಕೊರೆಯುವ ಹಡಗೊಂದು ಭಾರತದ ಪಶ್ಚಿಮಕ್ಕಿರುವ ಲಕ್ಷ್ಮೀ ಜಲಾನಯನದಲ್ಲಿ ತಳವನ್ನು ಕೊರೆದಾಗ, ಸುಮಾರು ಒಂದು ಕೋಟಿ ವರ್ಷಗಳ ಹಿಂದೆ ಖಂಡದ ಅಂಚೇ ಕುಸಿದು ಬಿದ್ದ ಬೃಹತ್ ರಾಶಿಯೊಂದರ ಪದರಗಳು ದೊರೆತವು. ವಿಜ್ಞಾನಿಗಳು ಅದನ್ನು ನಟರಾಜ ಕುಸಿತವೆಂದು ಕರೆದರು.

ದಡಕ್ಕೆ ಹತ್ತಿರವಾದಂತೆ ಕೆಸರಿನ ಲಿಪಿ ಬದಲಾಗುತ್ತದೆ. ಖಂಡದ ಅಂಚಿನಲ್ಲಿ ನೀರಿನಡಿ ಚಾಚಿರುವ ಆಳವಿಲ್ಲದ ಜಗಲಿಯನ್ನು ಖಂಡಾವರಣವೆನ್ನುತ್ತಾರೆ. ಭಾರತದ ಪಶ್ಚಿಮ ಕರಾವಳಿಯ ಖಂಡಾವರಣದಲ್ಲಿ ಸುಮಾರು 50 ಮೀಟರ್ ಆಳದವರೆಗೆ ಈಗಿನ ನದಿಗಳು ತಂದ ಜೇಡಿಕೆಸರು ಇದ್ದರೆ, ಅದರಾಚೆ ಒರಟು ಮರಳೂ ಸುಣ್ಣದ ಹರಳುಗಳೂ ಹರಡಿವೆ. ದೂರ ಹೋದಂತೆ ಕಣ ನುಣುಪಾಗಬೇಕೆಂಬ ನಿಯಮಕ್ಕೆ ಇದು ತಿರುಗುಮುರುಗು. ಕಾರಣವೇನೆಂದರೆ ಆ ಮರಳು ಇಂದಿನ ಕಡಲಿನದಲ್ಲ; ಸುಮಾರು 20,000 ವರ್ಷಗಳ ಹಿಂದೆ ಹಿಮಯುಗದ ತುದಿಯಲ್ಲಿ ಕಡಲಮಟ್ಟ ಈಗಿನದಕ್ಕಿಂತ ಸುಮಾರು 120 ಮೀಟರ್ ಕೆಳಗಿತ್ತು, ಮತ್ತು ಈಗಿನ ಮಂಗಳೂರು, ಕಾರವಾರಗಳ ದಡವು ಆಗ ಬಹುದೂರ ಪಶ್ಚಿಮದಲ್ಲಿತ್ತು. ಕಡಲು ಮೇಲೇರಿ ಬಂದಾಗ ಹಿಂದೆ ಬಿಟ್ಟ ಹಳೆಯ ದಡಗಳ ಮರಳೇ ಅದು.

ಕರ್ನಾಟಕದ ಕರಾವಳಿಯಲ್ಲಿ ಈ ಶಾಸ್ತ್ರವು ಪುಸ್ತಕದ ವಿಷಯವಾಗಿ ಉಳಿದಿಲ್ಲ. ಘಟ್ಟದಿಂದಿಳಿಯುವ ಹೊಳೆಗಳು ಮಳೆಗಾಲದ ಕೆಲವೇ ತಿಂಗಳಲ್ಲಿ ವರ್ಷದ ಹೂಳನ್ನೆಲ್ಲ ತಂದು ಸುರಿಯುತ್ತವೆ. ಅಲೆಗಳು ದಡಕ್ಕೆ ಓರೆಯಾಗಿ ಬಡಿಯುವುದರಿಂದ ಮರಳು ದಡದುದ್ದಕ್ಕೂ ಸರಿಯುತ್ತದೆ, ಋತುವಿನೊಡನೆ ಆ ಸರಿತದ ದಿಕ್ಕೂ ಬದಲಾಗುತ್ತದೆ. ನೇತ್ರಾವತಿ ಗುರುಪುರ ಹೊಳೆಗಳು ಕೂಡುವ ಅಳಿವೆಯಲ್ಲಿ ಬೆಂಗರೆಯ ಮರಳುನಾಲಗೆ ಬೆಳೆದದ್ದೂ, ಉಳ್ಳಾಲದಲ್ಲಿ ಕಡಲ್ಕೊರೆತ ಮನೆ ಬಾಗಿಲಿಗೆ ಬಂದದ್ದೂ ಈ ಮರಳಿನ ಆಯವ್ಯಯದ ಎರಡು ಮುಖಗಳು. ಒಂದೆಡೆ ಕಲ್ಲಿನ ತಡೆಗೋಡೆ ಕಟ್ಟಿ ಮರಳನ್ನು ನಿಲ್ಲಿಸಿದರೆ ಇನ್ನೊಂದೆಡೆ ಅದು ಕಡಿಮೆಯಾಗಲೇಬೇಕು.

ಈಗ ಹಡಗಿನ ಅಡಿಯಿಂದ ನೂರಾರು ಶಬ್ದಕಿರಣಗಳನ್ನು ಬೀಸಣಿಗೆಯಾಗಿ ಬಿಟ್ಟು ಅಗಲವಾದ ಪಟ್ಟಿಯನ್ನೇ ಅಳೆಯುವ ಮಲ್ಟಿಬೀಮ್ ಯಂತ್ರಗಳಿವೆ. ಉಪಗ್ರಹಗಳು, ಮುಳುಗಿದ ಬೆಟ್ಟವೊಂದರ ಸೆಳೆತಕ್ಕೆ ಮೇಲ್ಮೈ ನೀರು ಒಂದೆರಡು ಮೀಟರ್ ಉಬ್ಬುವುದನ್ನು ಅಳೆದು ತಳದ ಒರಟು ರೂಪವನ್ನು ಹೇಳುತ್ತವೆ. ಆದರೂ ಹಡಗಿನಿಂದ ನೇರವಾಗಿ, ವಿವರವಾಗಿ ಅಳೆದ ಭಾಗವು ಇಡೀ ಕಡಲತಳದ ನಾಲ್ಕನೆಯ ಒಂದು ಪಾಲನ್ನು ಈಚೆಗಷ್ಟೆ ದಾಟಿದೆ. ಮಲ್ಟಿಬೀಮ್ ಯಂತ್ರವು ಮರಳಿದ ಸದ್ದಿನ ಹೊತ್ತನ್ನಲ್ಲದೆ ಅದರ ಬಲವನ್ನೂ ದಾಖಲಿಸುತ್ತದೆ. ಬಂಡೆಯಿಂದ ಬಲವಾದ ಸದ್ದು, ಮೆತ್ತನೆಯ ಕೆಸರಿನಿಂದ ಕ್ಷೀಣವಾದ ಸದ್ದು ಬರುವುದರಿಂದ, ಆಳ ಮತ್ತು ತಳದ ಬಗೆ ಒಂದೇ ಸಾಧನದಲ್ಲಿ ಮತ್ತೆ ಕೂಡಿಕೊಂಡಿವೆ. ಕೂಡಿಕೊಂಡಾಗ ಹಳೆಯ ಪ್ರಶ್ನೆಯೂ ಹೊಸ ರೂಪದಲ್ಲಿ ಎದ್ದು ಬಂದಿದೆ. ಹೂಳು ತುಂಬುವ ಬಂದರು ಕಾಲುವೆಗಳಲ್ಲಿ ತಳದ ಮೇಲೆ ಮಜ್ಜಿಗೆಯಂತೆ ತೆಳುವಾದ ದ್ರವಕೆಸರಿನ ಪದರ ನಿಲ್ಲುತ್ತದೆ. ಹೆಚ್ಚು ಆವರ್ತನದ ಶಬ್ದ ಅದರ ಮೇಲ್ಮೈಯಿಂದಲೇ ಹಿಂದಿರುಗಿದರೆ, ಕಡಿಮೆ ಆವರ್ತನದ್ದು ಅದನ್ನು ತೂರಿ ಕೆಳಗಿನ ಗಟ್ಟಿ ನೆಲದಿಂದ ಹಿಂದಿರುಗುತ್ತದೆ, ಹೀಗಾಗಿ ಒಂದೇ ಜಾಗಕ್ಕೆ ಎರಡು ಆಳಗಳು ದೊರೆಯುತ್ತವೆ. ಯಾವುದನ್ನು ತಳವೆಂದು ಒಪ್ಪಬೇಕೆಂಬುದರ ಮೇಲೆ ಹೂಳೆತ್ತುವ ಖರ್ಚು ನಿಂತಿರುವುದರಿಂದ, ನೆದರ್ಲೆಂಡ್ಸಿನ ರಾಟರ್‌ಡ್ಯಾಮ್ ಬಂದರು 1970ರ ದಶಕದಲ್ಲಿ ಕೆಸರಿನ ಸಾಂದ್ರತೆಯು ನೀರಿನ 1.2ರಷ್ಟಾಗುವ ಮಟ್ಟವನ್ನೇ ಹಡಗು ಸಾಗುವ ತಳವೆಂದು ಗೊತ್ತುಮಾಡಿತು. ಆ ಮಟ್ಟವನ್ನು ಸದ್ದೊಂದರಿಂದಲೇ ಖಚಿತಪಡಿಸಿಕೊಳ್ಳಲಾಗದು. ಅದಕ್ಕಾಗಿ ಹಡಗಿನಿಂದ ಸಾಂದ್ರತೆ ಅಳೆಯುವ ಸಾಧನವೊಂದನ್ನು ಹಗ್ಗಕ್ಕೆ ಕಟ್ಟಿ ಕೆಸರಿನೊಳಕ್ಕೆ ಇಳಿಬಿಡುತ್ತಾರೆ.