ನೆಂಟರಿಗೆ ಮುಂಬಯಿ ತೋರಿಸುವ ಬಗೆ

(ಸಂಘದ ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ನಾಡುನುಡಿಗಳ ಹಿರಿಮೆಯನ್ನು ಕುರಿತು ಬಲ್ಲವರು ಈಗಾಗಲೇ ಮಾತಾಡಿದ್ದಾರೆ. ನನ್ನದು ಮನೆವಾರ್ತೆಯ ವಿಷಯ. ಮಳೆಗಾಲ ಮುಗಿಯಿತು, ಇನ್ನು ನಮ್ಮೆಲ್ಲರ ಮನೆಗೂ ಊರಿನ ನೆಂಟರು ಬರುವ ಕಾಲ. ಅವರಿಗೆ ಮುಂಬಯಿಯನ್ನು ತೋರಿಸುವುದು ಹೇಗೆ ಎಂಬುದನ್ನು, ಮಾಟುಂಗದಲ್ಲಿ ಬಹುಕಾಲ ಬಾಳಿದವನೆಂಬ ಒಂದೇ ಅರ್ಹತೆಯಿಂದ ಹೇಳಹೊರಟಿದ್ದೇನೆ.

ಮೊದಲು ನನ್ನ ತಪ್ಪನ್ನು ಒಪ್ಪಿಕೊಳ್ಳುತ್ತೇನೆ. ಮೊಬೈಲು ಇನ್ನೂ ಬಾರದಿದ್ದ ದಿನಗಳು. ಊರಿನಿಂದ ಬಂದಿದ್ದ ನಮ್ಮ ತಂದೆಯವರು ಅಂಧೇರಿಯ ಬಂಧುಗಳ ಮನೆಗೆ ಹೋಗಿ, ಒಬ್ಬರೇ ಹಿಂದಿರುಗುವವರಿದ್ದರು. "ಮಾಟುಂಗದಲ್ಲಿ ಇಳಿಯಿರಿ, ನಾನು ಸ್ಟೇಷನ್ನಿನಲ್ಲಿ ನಿಂತಿರುತ್ತೇನೆ" ಎಂದಿದ್ದೆ. ಅವರು ಇಳಿದದ್ದು ಪಶ್ಚಿಮ ರೈಲ್ವೆಯ ಮಾಟುಂಗ ರೋಡಿನಲ್ಲಿ. ನಾನು ನಿಂತಿದ್ದದ್ದು ಮಧ್ಯ ರೈಲ್ವೆಯ ಮಾಟುಂಗದಲ್ಲಿ. ನಡುವೆ ಹದಿನೈದು ನಿಮಿಷದ ನಡಿಗೆ. ನಾವು ಕಾದದ್ದು ಎರಡು ಗಂಟೆ. ಮನೆಯಲ್ಲಿ ಅಮ್ಮ ದೇವರಿಗೆ ಹರಕೆ ಹೊತ್ತು ಕುಳಿತಿದ್ದಳು. ಕೊನೆಗೆ ನನಗೆ ಹೊಳೆದು ಓಡಿದಾಗ, ಬೆಂಚಿನ ಮೇಲೆ ಚೀಲವನ್ನು ತೊಡೆಯಲ್ಲಿಟ್ಟುಕೊಂಡು ಕುಳಿತಿದ್ದ ತಂದೆಯವರು, "ದಾರಿ ತಪ್ಪಿದವನು ನಾನಲ್ಲಪ್ಪ. ನೀನೇ ಅರ್ಧ ದಾರಿ ಹೇಳಿದೆ" ಎಂದರು. ಆ ಮಾತು ಇಂದಿಗೂ ಕಿವಿಯಲ್ಲಿದೆ.

ಆದ್ದರಿಂದ ನನ್ನ ಮೊದಲ ಸೂಚನೆ: ನೆಂಟರಿಗೆ ಸಮುದ್ರವನ್ನು ತೋರಿಸುವ ಮುನ್ನ ಮನೆಗೆ ಮರಳುವ ದಾರಿಯನ್ನು ತೋರಿಸಿ. ಮನೆಯ ವಿಳಾಸ, ಫೋನ್ ಸಂಖ್ಯೆ, ಸ್ಟೇಷನ್ನು, ಅದರ ಲೈನು, ಇಷ್ಟನ್ನು ಚೀಟಿಯಲ್ಲಿ ಬರೆದು ಜೇಬಿಗೆ ಹಾಕಿ. ಮಾಟುಂಗದಲ್ಲಿ ಸ್ಲೋ ಗಾಡಿ ಮಾತ್ರ ನಿಲ್ಲುವುದೆಂದು ತಿಳಿಸಿ. ದಾದರಿನಲ್ಲಿ ಫಾಸ್ಟ್ ಹತ್ತಿದವರು ಕುರ್ಲಾ ಕಂಡಾರು. ಹೆಂಗಸರು ಬೇರೆ ಡಬ್ಬಿ ಹತ್ತುವುದಾದರೆ ಇಳಿಯುವ ಸ್ಟೇಷನ್ನನ್ನು ಮೊದಲೇ ಹೇಳಿರಿ. ಇಳಿಯುವುದು ತಪ್ಪಿದರೆ ಮುಂದಿನ ಸ್ಟೇಷನ್ನಿನಲ್ಲಿ ಇಳಿದು ಅಲ್ಲೇ ನಿಲ್ಲಬೇಕು, ಹುಡುಕುತ್ತ ಅಲೆಯಬಾರದು.

ಎರಡನೆಯದು ಹೊತ್ತು. ಬೆಳಿಗ್ಗೆ ಹನ್ನೊಂದರ ಮೇಲೆ ಹೊರಟು, ಸಂಜೆ ನಾಲ್ಕರೊಳಗೆ ಮರಳಿದರೆ ಲೋಕಲ್ ಪ್ರಯಾಣ ಸುಖಕರ. ಭಾನುವಾರ ಮೆಗಾಬ್ಲಾಕ್ ಇದೆಯೇ ಎಂದು ವಿಚಾರಿಸಿಯೇ ಹೊರಡಿ.

ನೋಡುವ ಸ್ಥಳಗಳಿಗೆ ಕೊರತೆಯಿಲ್ಲ. 1853ರಲ್ಲಿ ಬೋರಿಬಂದರಿನಿಂದ ಠಾಣೆಗೆ ದೇಶದ ಮೊದಲ ಪ್ರಯಾಣಿಕರ ಗಾಡಿ ಓಡಿತೆಂಬುದನ್ನು ಮಕ್ಕಳಿಗೆ ಹೇಳಿ, ಇಂದಿನ ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್ಸಿನ ಕಟ್ಟಡವನ್ನು ಹೊರಗೆ ನಿಂತು ಕಣ್ತುಂಬ ನೋಡಿರಿ. 1924ರಲ್ಲಿ ತೆರೆದ ಗೇಟ್‌ವೇಯಿಂದ ಎಲಿಫೆಂಟಾಕ್ಕೆ ದೋಣಿಯಲ್ಲಿ ಸುಮಾರು ಒಂದು ಗಂಟೆ. ಸೋಮವಾರ ಗುಹೆಗಳಿಗೆ ರಜೆ. ಮೆಟ್ಟಿಲು ಹತ್ತಬೇಕಾದ್ದರಿಂದ ಮಂಡಿನೋವಿನವರನ್ನು ಒತ್ತಾಯಿಸಬೇಡಿ. 2024ರ ಡಿಸೆಂಬರಿನಲ್ಲಿ ಆ ದಾರಿಯಲ್ಲೇ ದೋಣಿ ಅಪಘಾತವಾಗಿ ಹಲವರು ಪ್ರಾಣ ಕಳೆದುಕೊಂಡರು. ಜೀವರಕ್ಷಕ ಜಾಕೆಟನ್ನು ನಾಚದೆ ತೊಡಿಸಿರಿ.

ಮಳೆಗಾಲದಲ್ಲಿ ಬರುವ ಹಟಮಾರಿ ನೆಂಟರೂ ಇದ್ದಾರೆ. ಸಮುದ್ರದಲ್ಲಿ ಭರತವಿರುವ ಹೊತ್ತಿನಲ್ಲಿ ಜೋರು ಮಳೆ ಬಿದ್ದರೆ ಚರಂಡಿಯ ನೀರು ಕಡಲಿಗೆ ಇಳಿಯದು. ನಮ್ಮ ಕಿಂಗ್ಸ್ ಸರ್ಕಲ್ ಕೆರೆಯಾಗುವುದು ಹೀಗೆಯೇ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 944 ಮಿಲಿಮೀಟರ್ ಮಳೆ ಸುರಿದುದನ್ನು ಕಂಡವರಿಗೆ ಹೆಚ್ಚು ಹೇಳಬೇಕಾಗಿಲ್ಲ. ಪತ್ರಿಕೆಯಲ್ಲಿ ಭರತದ ವೇಳೆಯನ್ನು ನೋಡಿಕೊಳ್ಳಿ.

ಇನ್ನು ನಮ್ಮ ಮಾಟುಂಗವನ್ನೂ ಮರೆಯಬೇಡಿ. ಬೆಳಿಗ್ಗೆ ಹೂವಿನ ಅಂಗಡಿಗಳ ಸಾಲು, ಸ್ಟೇಷನ್ನಿನ ಬಳಿ 1942ರಿಂದ ನಡೆದುಬಂದ ರಾಮ ನಾಯಕರ ಉಡುಪಿ ಊಟ, 1926ರಲ್ಲಿ ಹುಟ್ಟಿದ ಮೈಸೂರು ಅಸೋಸಿಯೇಷನ್. ಇವನ್ನು ಕಂಡರೆ ಊರಿನವರಿಗೆ, ಮಕ್ಕಳು ದಿಕ್ಕಿಲ್ಲದ ನಾಡಿಗೆ ಬಂದಿಲ್ಲವೆಂಬ ಧೈರ್ಯ ಬರುತ್ತದೆ.

ಕೊನೆಯ ಮಾತು. ಆ ಘಟನೆಯ ಮರುದಿನ ತಂದೆಯವರನ್ನು, "ಎಲ್ಲಿಗೆ ಹೋಗೋಣ?" ಎಂದು ಕೇಳಿದೆ. "ನೀನು ದಿನಾ ಹತ್ತುವ ಗಾಡಿಯನ್ನು ತೋರಿಸು" ಎಂದರು. ಬೆಳಗಿನ ಎಂಟೂವರೆಗೆ ಪ್ಲಾಟ್‌ಫಾರಮಿನ ಮೇಲೆ ನಿಂತು, ಜನ ಜೋತುಬಿದ್ದುಕೊಂಡು ಹೋಗುವುದನ್ನು ಮೂರು ಗಾಡಿಗಳವರೆಗೆ ನೋಡಿದರು. ನಾಲ್ಕನೆಯದು ಬರುವಷ್ಟರಲ್ಲಿ ನನ್ನ ಕೈ ಹಿಡಿದುಕೊಂಡು, "ಸಾಕು, ಮನೆಗೆ ನಡಿ" ಎಂದರು. ಕಾಗದ ಬರೆಯಲು ತಡಮಾಡುತ್ತೀಯೆಂದು ಮತ್ತೆಂದೂ ನನ್ನನ್ನು ಆಕ್ಷೇಪಿಸಲಿಲ್ಲ.

ನೆಂಟರು ನೋಡಬಂದಿರುವುದು ಗೇಟ್‌ವೇಯನ್ನಷ್ಟೇ ಅಲ್ಲ, ನಮ್ಮ ಬದುಕನ್ನೂ ಹೌದು. ಅದನ್ನೂ ಸಂಕೋಚವಿಲ್ಲದೆ ತೋರಿಸೋಣ.