ಅಶೋಕದ ಚಕ್ಕೆ, ಅಶೋಕದ ಮರ

(ಬಳಗದ ತಿಂಗಳ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ಅಶೋಕ ಎಂದೊಡನೆ ಅನೇಕರ ಕಣ್ಣಮುಂದೆ ಬರುವುದು ಶಾಲೆ, ಕಚೇರಿಗಳ ಅಂಗಳದಲ್ಲಿ ಕಂಬದಂತೆ ನಿಂತ, ಅಲೆಯಂಚಿನ ಎಲೆಯ ಮರ. ಅದು ಸೀತಾಫಲದ ಕುಟುಂಬದ್ದು. ವೈದ್ಯಗ್ರಂಥಗಳ ಅಶೋಕ ಅದಲ್ಲ. ನಿಜವಾದ ಅಶೋಕ ನಮ್ಮ ಕಾನಿನ ಹಳ್ಳದ ದಂಡೆಯ ಮರ. ಅದರ ಚಿಗುರು ತಾಮ್ರವರ್ಣದಲ್ಲಿ ಜೋಲುತ್ತದೆ. ಹೂಗೊಂಚಲು ರೆಂಬೆಯ ಮೈಮೇಲೆಯೇ ಅರಳಿ, ಕಿತ್ತಳೆಯಿಂದ ಕೆಂಪಿಗೆ ತಿರುಗುತ್ತದೆ.

ಚರಕಸಂಹಿತೆ ಇದನ್ನು ನೋವು ಶಮನಗೊಳಿಸುವ 10 ದ್ರವ್ಯಗಳ ಗಣದಲ್ಲಿ ಎಣಿಸಿದೆ. ಆದರೆ ಇದು ಮನೆಮಾತಾದದ್ದು ಸ್ತ್ರೀಯರ ಅತಿಸ್ರಾವದ, ಅಂದರೆ ರಕ್ತಪ್ರದರದ ಔಷಧವಾಗಿ. ಚಕ್ಕೆ 1 ಪಾಲು, ಹಾಲು 8 ಪಾಲು, ನೀರು 32 ಪಾಲು. ನೀರೆಲ್ಲ ಇಂಗಿ ಹಾಲಷ್ಟೇ ಉಳಿಯುವವರೆಗೆ ಕಾಯಿಸಿ ಸೋಸಿದರೆ ಕ್ಷೀರಪಾಕ. ಭೈಷಜ್ಯರತ್ನಾವಳಿಯ ಅಶೋಕಾರಿಷ್ಟದ ದಾರಿ ಬೇರೆ: ಕಷಾಯಕ್ಕೆ ಬೆಲ್ಲ, ಧಾತಕಿ ಹೂ ಮೊದಲಾದವನ್ನು ಸೇರಿಸಿ ಹುದುಗಿಸುತ್ತಾರೆ. ತಾಯಂದಿರಲ್ಲಿ ಒಂದು ವಿನಂತಿ: ಸ್ರಾವಕ್ಕೆ ಕಾರಣ ಗರ್ಭಕೋಶದ ಗಡ್ಡೆಯೋ ಬೇರೇನೋ ಎಂದು ತಪಾಸಣೆ ಮಾಡಿಸದೆ ಬಾಟಲಿ ತಂದು ಕುಡಿಯುವುದು ತರವಲ್ಲ.

ಹೂವಲ್ಲ, ಎಲೆಯಲ್ಲ, ಬೇಕಾದುದು ಚಕ್ಕೆ. ಕಷ್ಟವಿರುವುದೇ ಅಲ್ಲಿ. ನಮ್ಮ ತೋಟದ ಮೇಲಿನ ಹಳ್ಳದಲ್ಲಿ ಒಂದು ಹಿರಿಯ ಅಶೋಕವಿತ್ತು. ಒಂದು ಬೇಸಿಗೆಯಲ್ಲಿ ಯಾರೋ ಅದನ್ನು ಆಳೆತ್ತರದವರೆಗೆ ಸುತ್ತಲೂ ಸುಲಿದಿದ್ದರು. ಎಲೆಗಳು ಕೂಡಲೇ ಬಾಡಲಿಲ್ಲ. ಬದುಕೀತೆಂದೇ ನಾನು ನಂಬಿದ್ದೆ. ಎಲೆ ತಯಾರಿಸಿದ ಆಹಾರ ಬೇರಿಗಿಳಿಯುವುದು ತೊಗಟೆಯ ಒಳಪದರದ ಮೂಲಕ. ಅದು ಸುತ್ತಲೂ ಕಡಿದುಹೋದರೆ ಬೇರು ಉಪವಾಸ ಬೀಳುತ್ತದೆ. ಎರಡನೆಯ ಮಳೆಗಾಲವನ್ನು ಆ ಮರ ಕಾಣಲಿಲ್ಲ. ಬಲಿತ ರೆಂಬೆಯಿಂದ, ಒಂದೇ ಮಗ್ಗುಲಲ್ಲಿ, ಉದ್ದಕ್ಕೆ ಕಿರಿದಾದ ಪಟ್ಟಿಯನ್ನಷ್ಟೇ ತೆಗೆದರೆ ಗಾಯ ಮಾಯಲು ಅವಕಾಶವುಂಟು. ಆದರೆ ತೂಕಕ್ಕೆ ಹಣ ಸಿಗುವಾಗ ಅಷ್ಟು ತಾಳ್ಮೆ ಯಾರಿಗಿದೆ? ಸುಲಿದವರನ್ನಷ್ಟೇ ಬೈದು ಫಲವಿಲ್ಲ.

ಅಂತಾರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ ಕೆಂಪು ಪಟ್ಟಿಯಲ್ಲಿ 1998ರಲ್ಲಿಯೇ ಈ ಮರ ಅಪಾಯದಂಚಿನ ಪ್ರಭೇದವೆಂದು ದಾಖಲಾಯಿತು. ಕಾನಿನ ಚಕ್ಕೆ ವಿರಳವಾದಂತೆ ಮಾರುಕಟ್ಟೆಯಲ್ಲಿ ಅಂಗಳದ ಆ ಕಂಬದ ಮರದ ಚಕ್ಕೆಯನ್ನೇ ಅಶೋಕವೆಂದು ಬೆರೆಸುವುದುಂಟು. ಹೀಗೆ ಕಾಡಿನಲ್ಲಿ ಮರವೂ ಇಲ್ಲ, ಮನೆಯಲ್ಲಿ ಹೆಂಗಸಿಗೆ ಔಷಧವೂ ಇಲ್ಲ.

ಅಶೋಕದ ಬೀಜ ಬಹುಕಾಲ ಬಾಳದು; ಕಾಯಿ ಒಡೆದು ಉದುರಿದೊಡನೆ ಬಿತ್ತಬೇಕು. ಹೊರಗೆ ಜಗಲಿಯ ಮೇಲೆ ಸಸಿಗಳನ್ನಿಟ್ಟಿದ್ದೇನೆ. ತೋಟದ ತಲೆಯಲ್ಲಿ ಹಳ್ಳವಿರುವವರು ಮೊದಲು ಒಯ್ಯಿರಿ. ಎಳೆಯದರಲ್ಲಿ ಅದಕ್ಕೆ ನೆರಳು ಬೇಕು, ದನದ ಬಾಯಿಂದ ಕಾವಲೂ ಬೇಕು.