ಒರೆಗೆ ಹಚ್ಚುವ ಮೂರನೆಯವರು



ನಮ್ಮ ಮನೆಗಳಲ್ಲಿ ಚಿನ್ನವೆಂದರೆ ಬರಿಯ ಅಲಂಕಾರವಲ್ಲ, ಕಷ್ಟಕಾಲಕ್ಕೆಂದು ಕೂಡಿಟ್ಟ ಗಂಟು. ನಾನು ಬಿ.ಎಸ್ಸಿ. ತರಗತಿಗೆ ಸೇರುವಾಗ, ಅಮ್ಮ ತವರಿನಿಂದ ತಂದಿದ್ದ ಎರಡು ಬಳೆಗಳನ್ನು ಮಾರಬೇಕಾಯಿತು. ಅಂಗಡಿಯವರು ಒರೆಗಲ್ಲಿಗೆ ಉಜ್ಜಿ ನೋಡಿ, "ತಾಮ್ರ ಜಾಸ್ತಿ ಇದೆ ತಾಯಿ" ಎಂದರು. ಕೈಗೆ ಬಂದ ಹಣ ಅಮ್ಮನ ಲೆಕ್ಕಕ್ಕಿಂತ ಬಹಳ ಕಡಿಮೆ. ಮಾಡಿಕೊಟ್ಟವರು ಮೋಸ ಮಾಡಿದ್ದರೋ, ಕೊಂಡವರು ಸುಳ್ಳು ಹೇಳಿದರೋ ತಿಳಿಯಲಿಲ್ಲ. ಕೇಳೋಣವೆಂದರೆ ಮೂರನೆಯವರು ಯಾರೂ ಇರಲಿಲ್ಲ.

ಆ ಮೂರನೆಯವರು ಹುಟ್ಟಿಕೊಂಡ ಕಥೆಯೊಂದು ಲಂಡನ್ ನಗರದಲ್ಲಿದೆ. 1300ರಲ್ಲಿ ಇಂಗ್ಲೆಂಡಿನ ದೊರೆ ಒಂದನೆಯ ಎಡ್ವರ್ಡ್ ಒಂದು ಕಾನೂನು ತಂದ. ಬೆಳ್ಳಿಯ ವಸ್ತು ಅಕ್ಕಸಾಲಿಗನ ಕೈಬಿಡುವ ಮೊದಲು ಅದೇ ಕಸುಬಿನ ಹಿರಿಯರು ಪರೀಕ್ಷಿಸಬೇಕು. ಸರಿಯಿದ್ದರೆ ಮಾತ್ರ ಚಿರತೆಯ ತಲೆಯ ಮುದ್ರೆ ಒತ್ತಬೇಕು. 1327ರಲ್ಲಿ ಈ ಅಕ್ಕಸಾಲಿಗರ ಸಂಘಕ್ಕೆ ರಾಜಸನ್ನದು ದೊರೆಯಿತು. ಅದೇ ಗೋಲ್ಡ್‌ಸ್ಮಿತ್ಸ್ ಕಂಪನಿ. ಹೆಸರು ಕಂಪನಿಯಾದರೂ ಅದು ಲಾಭಕ್ಕಾಗಿ ಹುಟ್ಟಿದ್ದಲ್ಲ. ನಮ್ಮ ಪ್ರಾಚೀನ ಶ್ರೇಣಿಗಳ ಹಾಗೆ ಒಂದೇ ಕಸುಬಿನವರ ಕೂಟ.

1478ರಲ್ಲಿ ಸಂಘವು ಸಂಬಳದ ಪರೀಕ್ಷಕನನ್ನು ನೇಮಿಸಿ, ವಸ್ತುಗಳನ್ನು ತನ್ನ ಭವನಕ್ಕೇ ತರಿಸತೊಡಗಿತು. ಆ ಭವನ ಗೋಲ್ಡ್‌ಸ್ಮಿತ್ಸ್ ಹಾಲ್. ಅಲ್ಲಿ ಬೀಳುವ ಮುದ್ರೆಯೇ ಹಾಲ್‌ಮಾರ್ಕ್. ಆಗಲೇ ವರ್ಷಕ್ಕೊಂದು ಅಕ್ಷರವನ್ನೂ ಒತ್ತುವ ಪದ್ಧತಿ ಬಂದಿತು. ಮುಂದೆಂದಾದರೂ ವಸ್ತು ಕಳಪೆಯೆಂದು ಗೊತ್ತಾದರೆ, ಆ ವರ್ಷದ ಪರೀಕ್ಷಕ ಯಾರೆಂದು ಹುಡುಕಬಹುದು. ಪರೀಕ್ಷಿಸುವವನೂ ಪರೀಕ್ಷೆಗೆ ಹೊರತಲ್ಲ!

ಪರೀಕ್ಷೆಯ ವಿಧಾನ ಸರಳವಾದರೂ ಸೂಕ್ಷ್ಮವಾದುದು. ತೂಗಿದ ಚಿನ್ನದ ಚೂರಿಗೆ ಬೆಳ್ಳಿ ಸೇರಿಸಿ, ಸೀಸದ ಹಾಳೆಯಲ್ಲಿ ಸುತ್ತಿ, ರಂಧ್ರಮಯ ಬಟ್ಟಲಿನಲ್ಲಿಟ್ಟು ಕುಲುಮೆಯಲ್ಲಿ ಕಾಯಿಸುತ್ತಾರೆ. ಸೀಸವೂ ತಾಮ್ರವೂ ಆಕ್ಸೈಡ್‌ಗಳಾಗಿ ಬಟ್ಟಲಿನೊಳಗೆ ಇಂಗುತ್ತವೆ. ಉಳಿದ ಬೆಳ್ಳಿಯನ್ನು ನೈಟ್ರಿಕ್ ಆಮ್ಲ ಕರಗಿಸುತ್ತದೆ. ಕೊನೆಗೆ ನಿಲ್ಲುವುದು ಶುದ್ಧ ಚಿನ್ನ. ಅದನ್ನು ಮತ್ತೆ ತೂಗಿದರೆ ಉತ್ತರ ಸಿಕ್ಕಿತು. ಈಗ ಎಕ್ಸ್-ಕಿರಣದ ಯಂತ್ರಗಳೂ ಬಂದಿವೆ.

ದೊರೆಯ ಟಂಕಸಾಲೆಯೂ ಈ ಪರೀಕ್ಷೆಯಿಂದ ತಪ್ಪಿಸಿಕೊಂಡಿಲ್ಲ. ಅಲ್ಲಿ ಅಚ್ಚಾದ ನಾಣ್ಯಗಳ ಮಾದರಿಯನ್ನು ವರ್ಷಕ್ಕೊಮ್ಮೆ ಅಕ್ಕಸಾಲಿಗರ ಪಂಚಾಯಿತಿಯೊಂದು ತೂಗಿ, ತೀರ್ಪು ಕೊಡುತ್ತದೆ. 1871ರಿಂದ ಇದು ಗೋಲ್ಡ್‌ಸ್ಮಿತ್ಸ್ ಹಾಲ್‌ನಲ್ಲೇ ನಡೆಯುತ್ತಿದೆ. ಕಸುಬಿನ ತರುಣರ ತರಬೇತಿಗಾಗಿ ಸಂಘವು 2012ರಲ್ಲಿ ಒಂದು ಕೇಂದ್ರವನ್ನೂ ತೆರೆಯಿತು.

ನಮ್ಮಲ್ಲಿ ಈ ಹೊಣೆಯನ್ನು ಸಂಘದ ಬದಲು ಸರ್ಕಾರ ಹೊತ್ತಿದೆ. ಭಾರತೀಯ ಮಾನಕ ಬ್ಯೂರೋ 2000ದಲ್ಲಿ ಚಿನ್ನಕ್ಕೆ ಹಾಲ್‌ಮಾರ್ಕ್ ಆರಂಭಿಸಿತು. 2021ರ ಜೂನ್‌ನಲ್ಲಿ 256 ಜಿಲ್ಲೆಗಳಲ್ಲಿ ಅದು ಕಡ್ಡಾಯವಾಯಿತು. ಆಮೇಲೆ ಇನ್ನಷ್ಟು ಜಿಲ್ಲೆಗಳು ಸೇರಿದವು. ನೀವು ಒಡವೆ ಕೊಳ್ಳುವಾಗ ಮೂರು ಗುರುತುಗಳನ್ನು ನೋಡಿರಿ: ಬ್ಯೂರೋದ ತ್ರಿಕೋನ ಚಿಹ್ನೆ, ಶುದ್ಧತೆಯ ಅಂಕಿ (22 ಕ್ಯಾರೆಟ್‌ಗೆ 916, ಎಂದರೆ ಸಾವಿರಕ್ಕೆ 916 ಪಾಲು ಚಿನ್ನ), ಮತ್ತು ಆ ಒಡವೆಗೇ ಮೀಸಲಾದ ಆರು ಅಕ್ಷರ-ಅಂಕಿಗಳ ಸಂಖ್ಯೆ. ಈ ಸಂಖ್ಯೆಯನ್ನು ಬ್ಯೂರೋದ ಮೊಬೈಲ್ ಆ್ಯಪ್‌ನಲ್ಲಿ ಹಾಕಿ ನೀವೇ ತಾಳೆ ನೋಡಬಹುದು.

ಇತ್ತೀಚೆಗೆ ಅಮ್ಮನ ಹಳೆಯ ಸರವನ್ನು ಹಾಲ್‌ಮಾರ್ಕ್ ಕೇಂದ್ರಕ್ಕೆ ಒಯ್ದಿದ್ದೆ. ಬಳೆ ಮಾಡಿದ್ದ ಅಕ್ಕಸಾಲಿಗರೇ ಮಾಡಿದ್ದ ಸರವದು. ವರದಿಯ ಅಂಕಿ ಅಮ್ಮ ನಂಬಿದ್ದಕ್ಕಿಂತ ಕಡಿಮೆಯೇ ಇತ್ತು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಆ ಅಂಗಡಿಯವರು ನಿಜವನ್ನೇ ಹೇಳಿದ್ದರೇನೋ. ಇಷ್ಟು ವರ್ಷ ಸುಮ್ಮನೆ ಬೈದುಕೊಂಡೆ" ಎಂದರು.

ಒಂದು ಚಿಕ್ಕ ಮುದ್ರೆ ಕೊಳ್ಳುವವರನ್ನಷ್ಟೇ ಅಲ್ಲ, ಪ್ರಾಮಾಣಿಕ ವ್ಯಾಪಾರಿಯ ಮಾನವನ್ನೂ ಕಾಯುತ್ತದೆ.